ಬಸ್‌ಸ್ಟಾಪಿನ ಬೆಂಚೂ ಸೆಕ್ರೆಟರಿ ಗೋವಿಂದರಾಜುವೂ

ಗೋವಿಂದರಾಜು ಆವತ್ತು ನಗಬಾರದಿತ್ತು.

ಎರಡನೇ ಶನಿವಾರ, ಬೆಳಿಗ್ಗೆ ಏಳು ಗಂಟೆ. ಸೇಲಂನ ಹೊರಗಿನ ಆ ಬಡಾವಣೆಯ ಬಸ್‌ಸ್ಟಾಪಿನಲ್ಲಿ ನಿವಾಸಿಗಳ ಸಂಘದವರೆಲ್ಲ ಸೇರಿದ್ದರು. ಸಿಮೆಂಟ್ ಬೆಂಚಿನ ಮೇಲೆ ಮಾದಮ್ಮ ಎಂಬ ಮುದುಕಿ ಕೂತಿದ್ದಳು. ನಾಲ್ಕು ತಿಂಗಳಿಂದ ಅವಳಿಗೆ ಅದೇ ಮನೆ. ಅವಳು ಮಲಗಬಾರದೆಂದು ಹಿಂದಿನ ದಿನ ತಾನೇ ಸಂಘದವರು ಬೆಂಚಿಗೆ ಎರಡು ಕಬ್ಬಿಣದ ಸರಳು ಅಡ್ಡ ಹಾಕಿಸಿ ಹಸಿರು ಬಣ್ಣ ಬಳಿಸಿದ್ದರು. ಮಾದಮ್ಮ ಕೂತೇ ನಿದ್ದೆ ಮಾಡಿ ಎದ್ದಿದ್ದಳು.

ಸ್ಟಾಪಿನ ಎದುರು ಮನೆಯ ಲಕ್ಷ್ಮಣನ್, ಬೆಳ್ಳಿ ಕಾಲ್ಗೆಜ್ಜೆ ಮಾಡುವ ಪಟ್ಟರೆಯ ಮಾಲೀಕ, ಸಂಘದ ಅಧ್ಯಕ್ಷ, ದಪ್ಪ ಮೀಸೆಯನ್ನು ತಿರುವುತ್ತ ತಮಿಳಿನಲ್ಲಿ ಐದು ನಿಮಿಷ ಬುದ್ಧಿ ಹೇಳಿದ. ಮಾದಮ್ಮ ಪೂರ್ತಿ ಕೇಳಿಸಿಕೊಂಡು ತನ್ನ ಭಾಷೆಯಲ್ಲಿ ಅಂದಳು:

"ಈ ಯಪ್ಪನ ಮೀಸೆ ನೋಡು, ಒಲೇಲಿ ಮಲಗೆದ್ದ ಬೆಕ್ಕಿನ ಬಾಲದಂಗೈತೆ."

ಯಾರಿಗೂ ಅರ್ಥವಾಗಲಿಲ್ಲ. ಸೆಕ್ರೆಟರಿ ಗೋವಿಂದರಾಜು ಮಾತ್ರ ಕಿಸಕ್ಕನೆ ನಕ್ಕುಬಿಟ್ಟ.

ಎಲ್ಲರೂ ಅವನತ್ತ ತಿರುಗಿದರು. ನಂಗವಳ್ಳಿ ಕಡೆಯ ರೈತರ ಮಗ, ಸಹಕಾರಿ ಸೊಸೈಟಿಯ ಹೆಡ್‌ಕ್ಲಾರ್ಕು. ಈ ಬೀದಿಗೆ ಬಂದ ಇಪ್ಪತ್ತೆರಡು ವರ್ಷದಲ್ಲಿ ತನ್ನ ಮನೆಮಾತು ಕನ್ನಡ ಎಂದು ಅವನು ಒಬ್ಬರಿಗೂ ಬಿಟ್ಟುಕೊಟ್ಟಿರಲಿಲ್ಲ. ಕನ್ನಡ ಬಲ್ಲ ಹೆಂಡತಿ ಪುಷ್ಪಾಳ ಜೊತೆಯೂ ತಮಿಳು, ಮಕ್ಕಳ ಜೊತೆ ತಮಿಳು, ನಾಯಿಯನ್ನು ಗದರಿಸುವುದೂ ತಮಿಳಿನಲ್ಲೇ. ಎರಡು ವರ್ಷದ ಹಿಂದೆ ಊರಿಂದ ಬಂದ ತಾಯಿ ಸಿದ್ದಲಕ್ಷ್ಮಮ್ಮನಿಗೆ ಅವನು ಮೊದಲ ದಿನವೇ ಹೇಳಿಬಿಟ್ಟಿದ್ದ: "ಅಮ್ಮಾ, ಬಾಗ್ಲಲ್ಲಿ ನಿಂತು ಜೋರಾಗಿ ಕನ್ನಡ ಮಾತಾಡ್ಬ್ಯಾಡ. ಜನ ಪಟ್ಟಿಕಾಡು, ಹಳ್ಳಿಗಮಾರ್ರು ಅಂತಾರೆ." ಬೀದಿಯವರಿಗೆ, ಅಮ್ಮನಿಗೆ ಕಿವಿ ಕೇಳಿಸುವುದಿಲ್ಲ, ಅದಕ್ಕೇ ಮಾತು ಕಡಿಮೆ ಅಂದಿದ್ದ. ಇಂಥ ಸುಳ್ಳು ಹೇಳುವಾಗ ನಾಲಿಗೆ ತಡವರಿಸಬೇಕು. ಅವನದು ತಡವರಿಸಿರಲಿಲ್ಲ.

"ಸೆಕ್ರೆಟರಿ ಸಾರ್‌ಗೆ ಈ ಅಜ್ಜಿಯ ಭಾಷೆ ಗೊತ್ತು ಅನ್ಸುತ್ತೆ!" ಅಂದ ಲಕ್ಷ್ಮಣನ್. ಅವನು ಆಡಿದ್ದೆಲ್ಲ ತಮಿಳೇ. ನಮ್ಮ ಅನುಕೂಲಕ್ಕೆ ಕನ್ನಡದಲ್ಲಿ ಹೇಳುತ್ತಿದ್ದೇನೆ.

"ಕೊಂಜಂ ಕೊಂಜಂ," ಸ್ವಲ್ಪ ಸ್ವಲ್ಪ, ಅಂದ ಗೋವಿಂದರಾಜು. "ಆಫೀಸಲ್ಲಿ ಕೇಳಿ ಕೇಳಿ..."

"ಒಳ್ಳೇದಾಯ್ತು. ಹಾಗಾದ್ರೆ ನೀವೇ ಹೇಳಿ ಕಳ್ಸಿ. ಕಳಿಸಲಿಲ್ಲ ಅಂದ್ರೆ ನಿಮ್ಮ ಜನ ಅಂತ ಇಟ್ಕೊಂಡಿದೀರಿ ಅಂತಾರೆ. ಮುಂದಿನ ವಾರ ಸಂಘದ ಎಲೆಕ್ಷನ್ ಬೇರೆ."

ಅಷ್ಟು ಹೇಳಿ ಲಕ್ಷ್ಮಣನ್ ಪಟ್ಟರೆಗೆ ಹೊರಟ. ಉಳಿದವರೂ ಕರಗಿದರು. ಗೋವಿಂದರಾಜುವಿಗೆ ಸೆಕ್ರೆಟರಿ ಪದವಿ ಎಂದರೆ ಪ್ರಾಣ. ಸೊಸೈಟಿಯಲ್ಲಿ ಯಾರೂ ಅವನನ್ನು ಸಾರ್ ಅನ್ನುತ್ತಿರಲಿಲ್ಲ, ಈ ಬೀದಿಯಲ್ಲಿ ಅನ್ನುತ್ತಿದ್ದರು. ಸುತ್ತ ಯಾರೂ ಇಲ್ಲ ಎಂದು ನೋಡಿಕೊಂಡು ಮಾದಮ್ಮನ ಪಕ್ಕ ಕೂತ.

"ಅಜ್ಜೀ, ಯಾವೂರು ನಿಂದು?"

ಮಾದಮ್ಮನ ಮುಖ ಅರಳಿತು. "ಅಯ್ಯೋ ನನ್ನಪ್ಪ, ನಮ್ ಮಾತಾಡ್ತೀಯಲ್ಲ! ಕಂಬೈನಲ್ಲೂರು ತಾವ ಕಣಪ್ಪ. ರೋಡು ಅಗ್ಲ ಮಾಡಕ್ಕೆ ಗುಡ್ಸಲು ಕಿತ್ತಾಕುದ್ರು. ಮಗ್ಳು ಇಲ್ಲಿ ಮಿಲ್ಲಲ್ಲಿ ಅವ್ಳೆ ಅಂತ ಬಂದ್ರೆ ಮಿಲ್ಲು ಮುಚ್ಚೈತೆ, ಮಗ್ಳು ತಿರುಪ್ಪೂರ್‌ಗೆ ಓದ್ಲಂತೆ. ತಿರುಪ್ಪೂರಲ್ಲಿ ಎಲ್ಲಿ ಅಂತ ಉಡ್ಕನಾ?"

"ಕಾರ್ಪೊರೇಷನ್‌ನೋರು ನಿಮ್ಮಂತೋರಿಗೆ ಅಂತ್ಲೇ ಮನೆ ಕಟ್ಟೌರೆ. ಮಂಚ, ಫ್ಯಾನು, ಊಟ ಎಲ್ಲಾ ಐತೆ. ಓಗ್ಬುಡು."

"ನಾನು ಓಗಾಕಿಲ್ಲ. ದಿನಾ ಅತ್ತು ಗಂಟೆಗೆ ಒಬ್ರು ಬತ್ತಾರೆ. ನನ್ ಕಾಣ್ದೆ ಓದ್ರೆ ಎದ್ರಿಕೊತಾರೆ, ಪಾಪ."

ಬಸ್‌ಸ್ಟಾಪಿನಲ್ಲಿ ಬಿದ್ದಿರುವವಳಿಗೆ ದಿನಾ ಬರುವವರು ಯಾರು? ಇದೊಂದು ನೆಪ ಎಂದುಕೊಂಡ ಗೋವಿಂದರಾಜು. ಯಾರು ಎಂದು ಒಂದು ಮಾತು ಕೇಳಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಅವನು ಕೇಳಲಿಲ್ಲ.

ಅಷ್ಟರಲ್ಲಿ ಒಂದು ಸ್ಕೂಟರು ಬಂದು ನಿಂತಿತು. ಪ್ರತಿ ಶನಿವಾರ ಆಂಜನೇಯನ ಗುಡಿಯಿಂದ ಪ್ರಸಾದ ಹಂಚುವ ಹೆಂಗಸು ಮಾದಮ್ಮನ ಕೈಗೊಂದು ದೊನ್ನೆ ಪೊಂಗಲ್ ಇಟ್ಟಳು. ಗೋವಿಂದರಾಜುವಿನ ಮೂರು ದಿನದ ಗಡ್ಡವನ್ನೂ ಹಳೇ ಬನಿಯನ್ನನ್ನೂ ಒಮ್ಮೆ ನೋಡಿ ಅವನ ಕೈಗೂ ಒಂದು ಇಟ್ಟು, "ಪಾವಂ," ಪಾಪ, ಎಂದು ಹೊರಟೇಹೋದಳು.

"ತಿನ್ನಪ್ಪ, ಬಿಸಿ ಐತೆ. ನಾಚ್ಕೊಬ್ಯಾಡ. ಮೊದಮೊದ್ಲು ನಂಗೂ ಅಂಗೇ ಆಯ್ತಿತ್ತು," ಅಂದಳು ಮಾದಮ್ಮ.

ಅವನು ಸರಕ್ಕನೆ ಎದ್ದ. ಪಂಚೆಯ ಹಿಂಭಾಗಕ್ಕೆ ಒಣಗದ ಹಸಿರು ಬಣ್ಣ ಉದ್ದಕ್ಕೂ ಎಳೆದುಕೊಂಡಿತ್ತು. ಮರುಕ ಇದ್ದದ್ದೂ ಆ ಪಂಚೆಯ ಜೊತೆ ಕೆಟ್ಟಿತು. ಅಲ್ಲೇ ನಿಂತು ಕಾರ್ಪೊರೇಷನ್‌ನ ಬಾಲಾಜಿಗೆ ಫೋನು ಮಾಡಿದ.

ಬಾಲಾಜಿ ಅರ್ಧ ಗಂಟೆಯಲ್ಲಿ ಬೈಕಿನಲ್ಲಿ ಹಾಜರಾದ. ಅವನಿಗೆ ಅವನದೇ ತಾಪತ್ರಯ. ಹೊಸ ಆಶ್ರಯದಲ್ಲಿ ಆರು ಮಂಚ, ಇದ್ದವರು ನಾಲ್ಕೇ ಜನ. ಸಾಯಂಕಾಲ ನಾಲ್ಕಕ್ಕೆ ಕಮಿಷನರ್ ಮೇಡಂ ಬರುತ್ತಾರೆ, ಫೋಟೋ ತೆಗೆಯುತ್ತಾರೆ.

"ದೇವರ ಹಾಗೆ ಕರೆದ್ರಿ ಸಾರ್. ಈ ಫಾರಂಗೆ ಸಂಘದ ಪರವಾಗಿ ಒಂದು ಸೈನ್ ಹಾಕಿ. ಬಸ್‌ಸ್ಟಾಪಲ್ಲಿರೋ ಕನ್ನಡ ಮಾತಾಡೋ ಮುದುಕರಿಗೆ ಈ ಊರಲ್ಲಿ ವಾರಸುದಾರರು ಯಾರೂ ಇಲ್ಲ ಅಂತ."

"ಕನ್ನಡ ಅಂತ ಯಾಕೆ?"

"ಗುರುತಿಗೆ ಸಾರ್. ಈ ಏರಿಯಾದಲ್ಲಿ ಇನ್ಯಾರು ಮಾತಾಡ್ತಾರೆ? ವ್ಯಾನಿನ ಹುಡುಗರಿಗೆ ಸುಲಭವಾಗುತ್ತೆ. ಎಷ್ಟು ಜನ ಅನ್ನೋ ಜಾಗ ಬಿಡಿ, ಆಮೇಲೆ ತುಂಬ್ಕೋತೀನಿ. ನಾಲ್ಕಕ್ಕೆ ನೀವೂ ಬನ್ನಿ, ನಿಮ್ಮ ಕೈಯಲ್ಲೇ ಬೆಡ್‌ಶೀಟ್ ಕೊಡಿಸ್ತೀನಿ."

ಗೋವಿಂದರಾಜು ಸೈನ್ ಹಾಕಿದ, ಕೆಳಗೆ ಸೆಕ್ರೆಟರಿ ಅಂತ ಸೀಲೂ ಒತ್ತಿದ. ಆ ಸೀಲು ಸದಾ ಅವನ ಚೀಲದಲ್ಲಿರುತ್ತಿತ್ತು.

ಮನೆಗೆ ಬಂದು ಪಂಚೆಯನ್ನು ಸೀಮೆಎಣ್ಣೆಯಲ್ಲಿ ಉಜ್ಜುತ್ತಿದ್ದಾಗ ಸಿದ್ದಲಕ್ಷ್ಮಮ್ಮ ಹಳದಿ ಚೀಲ ಹಿಡಿದು ಹೊರಟಿದ್ದಳು.

"ಗುಡಿಗೆ ಓಗ್ಬತ್ತೀನಿ ಕಣಪ್ಪ."

"ಉಂ," ಅಂದ ತಲೆ ಎತ್ತದೆ.

"ಅತ್ತೆಗೆ ಈಗೀಗ ಹಸಿವು ಚೆನ್ನಾಗಿದೆ," ಅಂದಳು ಪುಷ್ಪಾ ಒಳಗಿನಿಂದ. "ನಾಲ್ಕು ರಾಗಿರೊಟ್ಟಿ ಕಟ್ಟಿಸ್ಕೊಂಡು ಹೋಗ್ತಾರೆ. ಮೊದಲು ಒಂದೂ ಸೇರ್ತಿರಲಿಲ್ಲ."

ಹನ್ನೊಂದಕ್ಕೆ ವ್ಯಾನು ಬಂದದ್ದು ಶಬ್ದದಲ್ಲೇ ಗೊತ್ತಾಯಿತು. ಗೋವಿಂದರಾಜು ಹೊರಗೆ ಹೋಗಲಿಲ್ಲ, ಮುಸುಕು ಹಾಕಿ ಮಲಗಿದ. ಮಾದಮ್ಮ ಕೂಗಾಡಿದರೆ ತನ್ನನ್ನೇ ಕರೆದಾಳು ಎಂಬ ಭಯ. ಸ್ವಲ್ಪ ಹೊತ್ತಿಗೆ ಬಾಲಾಜಿಯ ಫೋನು ಬಂತು.

"ಸಾರ್, ಒಬ್ರು ಅಂದಿದ್ರಿ, ಇಬ್ರು ಸಿಕ್ರು! ಆರೂ ಮಂಚ ಫುಲ್!"

"ರೊಂಬ ಸಂತೋಷ," ಅಂದ ಗೋವಿಂದರಾಜು. ಇನ್ನೊಬ್ಬರು ಪಕ್ಕದ ಬೀದಿಯವರಿರಬೇಕು, ಆ ಕಾಟವೂ ಕಳೆಯಿತು ಅಂದುಕೊಂಡ. ಊಟದ ಹೊತ್ತಿಗೆ ಅಮ್ಮ ಬರಲಿಲ್ಲ. ಶನಿವಾರ ಗುಡಿಯಲ್ಲಿ ಊಟ ಹಾಕುತ್ತಾರೆ, ಮುಗಿಸಿಯೇ ಬರುತ್ತಾರೆ ಎಂದಳು ಪುಷ್ಪಾ.

ನಾಲ್ಕಕ್ಕೆ ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ರೈಲ್ವೆ ಹಳಿಯ ಆಚೆಗಿದ್ದ ಆಶ್ರಯಕ್ಕೆ ಹೋದ. ಮೇಡಂ ಕೈ ಮುಗಿದರು. ಇಂಥ ನಾಗರಿಕರು ಬೀದಿಗೊಬ್ಬರು ಇರಬೇಕು ಎಂದರು. ಗೋವಿಂದರಾಜುವಿನ ಎದೆ ಉಬ್ಬಿತು. ಒಂದನೇ ಮಂಚಕ್ಕೆ ಬೆಡ್‌ಶೀಟ್ ಕೊಟ್ಟ, ಫೋಟೋ. ಎರಡು, ಮೂರು, ನಾಲ್ಕು. ಐದನೆಯದರಲ್ಲಿ ಮಾದಮ್ಮ ಮುಖ ತಿರುಗಿಸಿ ಕೂತಿದ್ದಳು. ಆರನೇ ಮಂಚದ ಮೇಲೆ, ಹಳದಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಅವನ ತಾಯಿ ಕೂತಿದ್ದಳು.

"ಇವರಿಗೆ ಯಾರೂ ಇಲ್ಲ ಮೇಡಂ," ಅಂದ ಬಾಲಾಜಿ. "ವಿಳಾಸ ಕೇಳಿದ್ರೆ ಬಾಯೇ ಬಿಡಲ್ಲ."

ಮೇಡಂ ಗೋವಿಂದರಾಜುವಿನತ್ತ ತಿರುಗಿ, "ನಿಮಗೆ ಇವರ ಭಾಷೆ ಬರುತ್ತಂತಲ್ಲ?" ಎಂದು ಕೇಳಿದರು.

ನಮ್ಮಮ್ಮ ಎಂಬ ಮಾತು ಗಂಟಲವರೆಗೆ ಬಂತು. ಎದುರಿಗೆ ಕ್ಯಾಮೆರಾ, ಪಕ್ಕದಲ್ಲಿ ಮೇಡಂ, ಬಾಲಾಜಿಯ ಕೈಯಲ್ಲಿ ತನ್ನದೇ ಸೀಲಿನ ಕಾಗದ. ಇಪ್ಪತ್ತೆರಡು ವರ್ಷದ ಅಭ್ಯಾಸ ಅವನ ಬಾಯಿಂದ ತಾನಾಗಿ ಮಾತಾಡಿತು.

"ಕೊಂಜಂ ಕೊಂಜಂ."

ಸಿದ್ದಲಕ್ಷ್ಮಮ್ಮ ಮಗನ ಮುಖವನ್ನೇ ನೋಡಿದಳು. ಆಮೇಲೆ ಎರಡೂ ಕೈ ಚಾಚಿ ಬೆಡ್‌ಶೀಟ್ ತೆಗೆದುಕೊಂಡು, ಪರರಿಗೆ ಹೇಳುವಂತೆಯೇ ಅಂದಳು: "ಒಳ್ಳೇದಾಗ್ಲಿ ಸಾಮಿ. ನಿನ್ ಎತ್ತವ್ಳ ಒಟ್ಟೆ ತಣ್ಗಿರ್ಲಿ."

"ಏನಂದ್ರು?" ಅಂದರು ಮೇಡಂ.

ಗೋವಿಂದರಾಜು ತಮಿಳಿನಲ್ಲಿ ಅರ್ಥ ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಹೇಡಿತನಕ್ಕೆ ಚಪ್ಪಾಳೆ ಬಿದ್ದದ್ದು ಅವನಿಗೆ ಗೊತ್ತಿತ್ತು, ಅವನ ತಾಯಿಗೂ.

ಮೇಡಮ್ಮನ ಕಾರು ಹೊರಟದ್ದೇ ತಡ, ಅವನು ಓಡಿಬಂದು ಅಮ್ಮನ ಕಾಲ ಬಳಿ ಕುಕ್ಕರಿಸಿದ.

"ಅಮ್ಮಾ, ಯಾಕಮ್ಮಾ ವ್ಯಾನ್ ಅತ್ತಿದೆ?"

"ಮಾದಮ್ಮನ ಒಬ್ಳನ್ನೇ ಎಳ್ಕೊಂಡೋಯ್ತಿದ್ರು ಕಣಪ್ಪ. ಅವ್ಳಿಗೆ ತಮಿಳು ಬರಾಕಿಲ್ಲ, ಅಳ್ತಿದ್ಲು. ಜೊತೇಲಿ ಓಗಿ ಬುಟ್ಟು ಬರಾನ ಅಂತ ಅತ್ತಿದೆ."

"ನನ್ನೆಸ್ರು ಏಳ್ಬಾರ್ದಾಗಿತ್ತಾ?"

"ಏಳಾನ ಅಂತ್ಲೇ ಇದ್ದೆ. ಆದ್ರೆ ಬಸ್‌ಸ್ಟಾಪಲ್ಲಿ ಕನ್ನಡ ಮಾತಾಡ್ತಾ ಸಿಕ್ಕಾಕೊಂಡೋಳು ಸೆಕ್ರೆಟರಿ ಅವ್ವ ಅಂದ್ರೆ ನಿನ್ ಮರ್ವಾದಿ? ಮನೇಲಿ ನನ್ ಜೊತೆ ಮಾತಾಡೋರು ಯಾರೂ ಇಲ್ಲ ಕಣಪ್ಪ. ಮೊಮ್ಮಕ್ಳಿಗೆ ನನ್ ಮಾತು ತಿಳಿಯಾಕಿಲ್ಲ. ಇವ್ಳು ಸಿಕ್ಕುದ್ಲು, ದಿನಾ ಬೀದಿಯೋರೆಲ್ಲ ಕೆಲ್ಸಕ್ಕೆ ಓದ್ಮೇಲೆ ಎರ್ಡು ಗಂಟೆ ಬಾಯ್ತುಂಬ ಮಾತಾಡಿ ಬತ್ತಿದ್ದೆ. ಗುಡಿಗೆ ಅಂತ ಸುಳ್ಳೇಳಿದ್ದು ತಪ್ಪಾಯ್ತು."

ತಪ್ಪಾಯ್ತು ಎಂದು ಅವಳು ಹೇಳಿದ್ದನ್ನು ಅವನಿಗೆ ತಡೆಯಲಾಗಲಿಲ್ಲ. ಬಾಲಾಜಿಯನ್ನು ಮೂಲೆಗೆ ಕರೆದು ಎಲ್ಲವನ್ನೂ ಒಪ್ಪಿಕೊಂಡ. ಬಾಲಾಜಿ ತಲೆಯ ಮೇಲೆ ಕೈ ಹೊತ್ತ.

"ಇವರಿಗೆ ವಾರಸುದಾರರಿಲ್ಲ ಅಂತ ನೀವೇ ಸೀಲು ಒತ್ತಿ ಕೊಟ್ಟಿದೀರಿ ಸಾರ್! ಮೇಡಂ ರಿಜಿಸ್ಟರ್‌ಗೆ ಸೈನ್ ಹಾಕಿ ಆಯ್ತು. ಇನ್ನು ಸೋಮವಾರವೇ. ನೀವು ಮಗ ಅನ್ನೋಕೆ ಸರ್ಟಿಫಿಕೇಟ್ ತನ್ನಿ, ಯಾಕೆ ಬೀದಿಗೆ ಬಿಟ್ರಿ ಅಂತ ವಿವರಣೆ ಬರೆದು ತನ್ನಿ."

"ಸೋಮಾರ ತಾನೆ? ಬುಡು," ಅಂದಳು ಸಿದ್ದಲಕ್ಷ್ಮಮ್ಮ ಸಮಾಧಾನವಾಗಿ. "ಇವ್ಳು ಮಗಳ ಮದ್ವೆ ಕತೆ ಅರ್ಧಕ್ಕೆ ನಿಲ್ಸವ್ಳೆ. ನೀನು ಓಗು, ಒತ್ತಾಯ್ತು."

ಸಂಜೆ ಮಬ್ಬಿನಲ್ಲಿ ಅವನು ತನ್ನ ಬಸ್‌ಸ್ಟಾಪಿನಲ್ಲಿ ಇಳಿದ. ಬೀದಿದೀಪ ಇನ್ನೂ ಹತ್ತಿರಲಿಲ್ಲ. ಮನೆಗೆ ಹೋಗದೆ ಬೆಂಚಿನ ಮೇಲೆ ಕೂತ. ಆ ಕಡೆಗೊಂದು ಸರಳು, ಈ ಕಡೆಗೊಂದು ಸರಳು. ಇದರ ಮೇಲೆ ಆ ಮುದುಕಿ ಇಡೀ ರಾತ್ರಿ ಹೇಗೆ ಕೂತಿದ್ದಳು ಎಂದು ಅವನು ಮೊದಲ ಸಲ ಯೋಚಿಸಿದ. ಪುಷ್ಪಾ ಫೋನು ಮಾಡಿದಳು, ಅತ್ತೆ ಇನ್ನೂ ಬಂದಿಲ್ಲ ಎಂದು ಗಾಬರಿಯಾಗಿದ್ದಳು.

"ಪುಷ್ಪಾ, ಅಮ್ಮನ್ನ ನಾನೇ ಓಡುಸ್ಬುಟ್ಟೆ ಕಣೇ," ಎಂದು ಅವನು ಜೋರಾಗಿ ಅತ್ತುಬಿಟ್ಟ. "ನಾನೇ ಸೈನ್ ಆಕ್ದೆ. ಎಲ್ರ ಮುಂದೆ ನಮ್ಮಮ್ಮ ಅನ್ನಕ್ಕೆ ಬಾಯಿ ಬರ್ಲಿಲ್ಲ ಕಣೇ ನಂಗೆ." ಇಪ್ಪತ್ತೆರಡು ವರ್ಷದಲ್ಲಿ ಆ ಬೀದಿಯಲ್ಲಿ ಅವನು ಎತ್ತರದ ದನಿಯಲ್ಲಿ ಆಡಿದ ಮೊದಲ ಕನ್ನಡ ಅದು. ಎಲ್ಲವನ್ನೂ ಹೇಳಿ ಮುಗಿಸಲು ಹತ್ತು ನಿಮಿಷ ಬೇಕಾಯಿತು.

ಫೋನು ಇಟ್ಟದ್ದೇ ಮತ್ತೆ ರಿಂಗಾಯಿತು. ಎದುರು ಮನೆಯ ಮಹಡಿಯಿಂದ ಲಕ್ಷ್ಮಣನ್.

"ಸೆಕ್ರೆಟರಿ ಸಾರ್, ಎಲ್ಲಿದೀರಿ? ಬೇಗ ಬನ್ನಿ. ಬೆಂಚಿನ ಮೇಲೆ ಇನ್ನೊಬ್ಬ ಬಂದು ಕೂತಿದಾನೆ. ಅದೇ ಭಾಷೆ. ಜೋರಾಗಿ ಅಳ್ತಿದಾನೆ. ಯಾರೂ ಇಲ್ಲದವನು ಅನ್ಸುತ್ತೆ. ನಾಳೆನೇ ವ್ಯಾನ್‌ಗೆ ಹೇಳ್ಬಿಡಿ."