ರಜೆಯ ದಿನ ಬಂದ ಅಳತೆಯಣ್ಣ

ತನ್ನ ವಾರದ ರಜೆಯ ದಿನವೂ ಬೆಳಗಾಗುತ್ತಲೇ ಹಾಲಿನ ಡೇರಿಗೆ ಬಂದು ನಿಂತದ್ದೇ ಅಳತೆಯಣ್ಣನಿಗೆ ಮುಳುವಾಯಿತು. ಹಾಲು ಅಳೆಯುವವನಾದ್ದರಿಂದ ಅವನಿಗೆ ಆ ಹೆಸರು. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಅವನು ಕೆಮ್ಮಿದರೆ ಯಾಕೆಂದು ಕೇಳುವವರಿರಲಿಲ್ಲ. ಡೇರಿಯಲ್ಲಾದರೆ ಕ್ಯಾನು ಹಿಡಿದು ಸಾಲುಗಟ್ಟಿದವರು, ಹಾಲಿಗೆ ನೀರು ಬೆರೆಸಿಲ್ಲವೆಂದು ಆಣೆ ಇಡುತ್ತ ಜಗಳಕ್ಕಾದರೂ ಬರುತ್ತಿದ್ದರು. ಜಗಳವೂ ಮಾತೇ ಅಲ್ಲವೆ?

ಅಂದು ತಪಾಸಣೆಗೆ ಬಂದ ಮೇಲಧಿಕಾರಿ ಅವನನ್ನು ಕಂಡು ಹಿಗ್ಗಿಹೋದರು. "ರಜೆ ಇದ್ದರೂ ಬಂದಿದ್ದೀರಾ? ನೋಡ್ರಿ, ಡೆಡಿಕೇಟೆಡ್ ಅಂದ್ರೆ ಇವರು!" ಎಂದು ಬೆನ್ನು ತಟ್ಟಿ ಒಳಗೆ ಹೋದರು.

ಆ ಪದ ಹಗ್ಗ ಬಿಚ್ಚಿದ ಕರುವಿನ ಹಾಗೆ ಅಂಗಳವೆಲ್ಲ ಓಡಾಡಿತು.

"ಹಂಗಂದ್ರೆ ಏನಪ್ಪಾ?" ಕ್ಯಾನು ತೊಳೆಯುವ ಅಕ್ಕ ಕೇಳಿದಳು.

"ಕೆಲಸಕ್ಕೇ ತನ್ನನ್ನ ಕೊಟ್ಕೊಂಡುಬಿಟ್ಟವನು ಅಂತ," ಎಂದ ಗುಮಾಸ್ತ.

"ಓ! ನಮ್ಮನೇಲಿ ಒಂದು ಎತ್ತು ಹಂಗೇ ಇತ್ತು. ಯಾರು ಕರೆದ್ರೂ ಹೋಗೋದು. ಊರೋರೆಲ್ಲ ಅದನ್ನೇ ಕಟ್ಟಿ ಉತ್ತರು."

"ಹಾಗಾದ್ರೆ ಬಾರಣ್ಣ, ಈ ಕ್ಯಾನು ಇಳಿಸು," ಎಂದು ವ್ಯಾನಿನ ಚಾಲಕ ನೆರಳಿಗೆ ಸರಿದ.

ಮಧ್ಯಾಹ್ನದೊಳಗೆ ಅಳತೆಯಣ್ಣ ಕ್ಯಾನು ಇಳಿಸಿ, ತೊಳೆದು, ಗುಮಾಸ್ತನ ಬದಲು ಕಿಟಕಿಯಲ್ಲಿ ಕೂತು ಹಾಲು ತಂದವರಿಂದ ಬೈಸಿಕೊಂಡೂ ಆಗಿತ್ತು. ಸೊಂಟ ಬಿದ್ದುಹೋಗಿದ್ದರೂ ಮುಖ ಅರಳಿತ್ತು. ಕೆಲಸ ಒಪ್ಪಿಸುವಾಗ ಪ್ರತಿಯೊಬ್ಬರೂ ನಾಲ್ಕು ಮಾತಾಡಿದ್ದರಲ್ಲ!

ಸಂಜೆ ಅಧಿಕಾರಿ ಎಲ್ಲರನ್ನೂ ಕೂಡಿಸಿದರು. "ಡೇರಿಗೆ ನೀರು ಬಿಡೋ ಗುಡ್ಡದ ಪಂಪ್‌ಹೌಸಲ್ಲಿ ಒಬ್ಬರು ಇರಬೇಕು. ಸುತ್ತ ನರಪಿಳ್ಳೆ ಇಲ್ಲ. ಹೋದೋರೆಲ್ಲ ಓಡಿ ಬಂದ್ರು. ಯಾರು ಹೋಗ್ತೀರಿ?"

"ನಮ್ಮ ಡೆಡಿಕೇಟೆಡ್ ಅಣ್ಣ ಇದ್ದಾನಲ್ಲ ಸಾರ್!" ಎಲ್ಲರ ಬೆರಳೂ ಒಂದೇ ಕಡೆ ತಿರುಗಿದವು.

ಇನ್ನು ಮಾನ ನೋಡಿದರೆ ಕೆಟ್ಟೆನೆಂದು ಅಳತೆಯಣ್ಣ ಬಾಯಿ ಬಿಟ್ಟ. "ಸಾರ್, ನಾನು ಅಂಥವನಲ್ಲ. ಕೆಲಸದ ಮೇಲಿನ ಪ್ರೀತಿಗೆ ಬರೋದಲ್ಲ ನಾನು. ಮನೇಲಿ... ಮನೇಲಿ ಯಾರೂ ಇಲ್ಲ ಸಾರ್. ಅದಕ್ಕೇ ಬರ್ತೀನಿ."

ಅಧಿಕಾರಿಯ ಕಣ್ಣು ತೇವವಾಯಿತು. ಅವನ ಎರಡೂ ಕೈ ಹಿಡಿದುಕೊಂಡರು.

"ಅಯ್ಯೋ ಪುಣ್ಯಾತ್ಮ, ಇದನ್ನ ಮೊದಲೇ ಹೇಳಬಾರದಾ! ಹೋದೋರೆಲ್ಲ ಹೆಂಡ್ತಿ ಮಕ್ಕಳ ನೆನಪಾಗಿ ಓಡಿ ಬಂದಿದ್ದು. ನಿಮಗೆ ಆ ತೊಂದರೇನೇ ಇಲ್ಲ. ಇವತ್ತೇ ಹೊರಡಿ!"

ಸಾಮಾನು ಕಟ್ಟಿಕೊಡಲು ಎಲ್ಲರೂ ಅವನ ಮನೆಗೆ ನುಗ್ಗಿದರು. ಅಕ್ಕ ಪಾತ್ರೆ ಜೋಡಿಸುತ್ತ ಗುಮಾಸ್ತನನ್ನು ಬೈದಳು. ಚಾಲಕ ಚಾಪೆಗೆ ಕಾಲು ತೊಡರಿ ಬಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆ ಮನೆಯಲ್ಲಿ ನಗು ಕೇಳಿ ವರ್ಷಗಳಾಗಿದ್ದವು. ಆದರೆ ಇದ್ದ ಸಾಮಾನೇ ಅಷ್ಟು. ನೋಡನೋಡುತ್ತ ಎಲ್ಲ ಮುಗಿಯಿತು. ಚಾಲಕ ಬೀಗದ ಕೈ ಕೇಳಿದ.

ಅಳತೆಯಣ್ಣ ಬಗ್ಗಿ ಹಾಸಿಗೆಯ ಸುರುಳಿಗೆ ಕೈ ಹಾಕಿದ.

"ಈ ಗಂಟು ಯಾಕೋ ಸಡಿಲ ಇದೆ ಕಣ್ರಪ್ಪಾ," ಎಂದು ಮೆಲ್ಲಗೆ ಬಿಚ್ಚತೊಡಗಿದ. "ಬನ್ನಿ, ಎಲ್ಲರೂ ಸೇರಿ ಇನ್ನೊಂದ್ಸಲ ಕಟ್ಟೋಣ."