ಹಗೇವಿನೊಳಗಿನ ಗಿಟಾರು

ಅರವತ್ತನಾಲ್ಕನೇ ಇಸವಿಯಲ್ಲಿ ಒಂದು ದಿನ, ಶಿಡ್ಲಘಟ್ಟದ ಮೈಕ್ ಸೆಟ್ ಚಲಪತಿ ಮುದ್ದೆ ಮುರಿಯುತ್ತಾ ಹೆಂಡತಿ ಶ್ಯಾಮಲಮ್ಮನ ಎದುರು ಘನವಾದ ಪ್ರತಿಜ್ಞೆ ಮಾಡಿದ. ಇವತ್ತು, ಇದೇ ಮನೆಯಲ್ಲಿ, ತನ್ನ ಎಲೆಕ್ಟ್ರಿಕ್ ಗಿಟಾರನ್ನು ಟೇಪಿಗೆ ಇಳಿಸುತ್ತಾನಂತೆ. ಗೋಡೆಯ ಹಲ್ಲಿಗೂ ಕೇಳಿಸುವುದಿಲ್ಲವಂತೆ.

"ಅಮ್ಮ ಸುಮ್ನಿರಲ್ಲ, ನೋಡಿ," ಎಂದಳು ಶ್ಯಾಮಲಮ್ಮ.

"ಸದ್ದು ಅನ್ನೋದು ನಾನು ಸಾಕಿದ ನಾಯಿ ಕಣೇ. ಕೂತ್ಕೋ ಅಂದ್ರೆ ಕೂತ್ಕೊಳ್ಳುತ್ತೆ."

ಅವಸರಕ್ಕೆ ಕಾರಣವಿತ್ತು. ಚಿಂತಾಮಣಿಯ ನಾಟಕ ಕಂಪನಿಯ ಯಜಮಾನರು ಮಾದರಿ ಕೇಳಿದ್ದರು. ಮರುದಿನ ಬೆಳಗಿನ ಬಸ್ಸಿಗೆ ಟೇಪು ತಲುಪಿದರೆ ಚಲಪತಿ ಕಂಪನಿಯ ವಾದ್ಯಗಾರ. ಇಲ್ಲದಿದ್ದರೆ ಮದುವೆಮನೆಗಳಲ್ಲಿ "ಹಲೋ, ಹಲೋ" ಎನ್ನುವುದೇ ಗತಿ. ಆದರೆ ಮನೆ ಅತ್ತೆ ವೆಂಕಟರತ್ನಮ್ಮನವರದು, ಹುಳುವೂ ಅವರದೇ. ರೇಷ್ಮೆ ಹುಳು ನಾಲ್ಕನೇ ಜ್ವರಕ್ಕೆ ಕೂತಿತ್ತು. ಪೊರೆ ಬಿಡುವ ಆ ದಿನ ಅದು ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿಕೊಂಡು ಕಲ್ಲಾಗಿ ಕೂರುತ್ತದೆ. ಹಗಲೂ ರಾತ್ರಿ ಮಳೆ ಹುಯ್ದ ಹಾಗೆ ಮೇಯುತ್ತಿದ್ದ ಸಾವಿರಾರು ಹುಳು ಒಮ್ಮೆಗೇ ನಿಂತಾಗ ಮನೆಗೆ ಒಂಥರಾ ಹೆಣದ ಮೌನ ಬರುತ್ತದೆ. ಆ ಮೌನದಲ್ಲಿ ಕೆಮ್ಮಿದವರನ್ನೂ ಅತ್ತೆ ಕ್ಷಮಿಸುತ್ತಿರಲಿಲ್ಲ.

ಆಂಪ್ಲಿಫೈಯರಿನಿಂದ ತಂತಿ ಎಳೆದು ನೇರ ಟೇಪ್ ರೆಕಾರ್ಡರಿಗೆ ಕೊಟ್ಟರೆ ಹೊರಗೆ ಸದ್ದೇ ಬೇಕಿಲ್ಲ. ಒಂದೇ ತೊಡಕು. ಸದ್ದು ಹೊರಡಿಸುವ ಹಾರ್ನನ್ನು ಪೂರ್ತಿ ಬಿಚ್ಚಿಟ್ಟರೆ ಅವನ ಹಳೇ ವಾಲ್ವ್ ಯಂತ್ರ ಒಳಗೊಳಗೇ ಸುಟ್ಟುಹೋಗುತ್ತದೆ. ಹಾರ್ನ್ ಇರಬೇಕು, ಕೇಳಿಸಬಾರದು. ಚಲಪತಿ ಅದನ್ನು ಹಿತ್ತಲ ಹಗೇವಿಗೆ ಇಳಿಬಿಟ್ಟ. ರಾಗಿ ತುಂಬುತ್ತಿದ್ದ ಆ ನೆಲದೊಳಗಿನ ಕಣಜ ಆ ವರ್ಷ ಬರಿದಾಗಿತ್ತು. ಬಾಯಿಗೆ ಗೋಣಿ ತುರುಕಿ, ಚಪ್ಪಡಿ ಎಳೆದು, ಮಹಾಯುದ್ಧ ಗೆದ್ದವನ ಠೀವಿಯಲ್ಲಿ ಅಟ್ಟ ಹತ್ತಿದ.

ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸುತ್ತಾ ಕರುಣರಸ ಹರಿಸಿದ. ಕಿವಿಗೆ ಕಟ್ಟಿದ ಹೆಡ್‌ಫೋನಿನಲ್ಲಿ ಪ್ರಳಯ. ಅಟ್ಟದಲ್ಲಿ ಸೊಳ್ಳೆಯಷ್ಟು ಸದ್ದು. ನಡುವೆ ಬೀಡಿ ಸೇದಲು ಮಾಳಿಗೆಗೆ ಹೋದ, ಟೇಪು ನಿಲ್ಲಿಸುವುದನ್ನು ಮರೆತ. ಬಂದು ಉಳಿದದ್ದನ್ನೂ ನುಡಿಸಿ ಮುಗಿಸಿ, ಆಂಪ್ಲಿಫೈಯರ್ ಆರಿಸಿ, ಟೇಪನ್ನು ಹಿಂದಕ್ಕೆ ಸುತ್ತಿ ಕೇಳಿದ.

ಗಿಟಾರು ಅಳುತ್ತಾ ಅಳುತ್ತಾ ನಿಂತಿತು. ಮೌನ. ಆ ಮೌನದ ತಳದಿಂದ ಒಂದು ಹೆಂಗಸಿನ ದನಿ ಎದ್ದಿತು. ಮಣ್ಣು ತುಂಬಿದ ಬಾಯಿಂದ ಬಂದ ಹಾಗಿತ್ತು.

"ಅಕ್ಕಯ್ಯಾ... ಅಳಬೇಡ. ನಾನೇ ನಿನ್ನ ಬಾಯಿ ಮುಚ್ಚಿಸ್ದೆ."

ಚಲಪತಿ ಟೇಪ್ ರೆಕಾರ್ಡರಿನ ಹಿಂದೆ ಮುಂದೆ ತಡಕಿದ. ಯಂತ್ರಕ್ಕೆ ಮೈಕನ್ನೇ ಜೋಡಿಸಿರಲಿಲ್ಲ. ಅಟ್ಟದಲ್ಲಿ ತಾನೊಬ್ಬನೇ. ಆ ದನಿ ಎಲ್ಲಿಂದ ಬಂತು? ಟೇಪಿನಲ್ಲಿ ಅದು ಒಂದು ಜೋಗುಳವನ್ನು ಗುನುಗತೊಡಗಿತು, ಅರ್ಧಕ್ಕೆ ಬಿಕ್ಕಿ ನಿಂತಿತು. ಅವನು ಮೆಟ್ಟಿಲ ಬಳಿ ತೆವಳಿ ಹೋಗಿ ಹೆಂಡತಿಯನ್ನು ಸನ್ನೆ ಮಾಡಿ ಕರೆದ. ಶ್ಯಾಮಲಮ್ಮ ಹೆಡ್‌ಫೋನ್ ಕಿವಿಗೊತ್ತಿಕೊಂಡಳು.

"ಇದು ಅಮ್ಮನ ದನಿ ರೀ."

ಇಬ್ಬರೂ ಹುಳುವಿನ ಮನೆಗೆ ಓಡಿದರು. ತಟ್ಟೆಗಳಲ್ಲಿ ಹುಳು ತಲೆ ಎತ್ತಿ ನಿಂತಿದ್ದವು, ಒಂದೂ ಮಿಸುಕಲಿಲ್ಲ. ಅವುಗಳ ಕೆಳಗೆ ವೆಂಕಟರತ್ನಮ್ಮ ಹಣೆಯನ್ನು ನೆಲಕ್ಕೆ ಹಚ್ಚಿ ಬೋರಲು ಬಿದ್ದಿದ್ದರು. ಶ್ಯಾಮಲಮ್ಮ ಬಾಗಿಲಲ್ಲೇ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಚಲಪತಿ ಬಗ್ಗಿ ಅತ್ತೆಯ ಭುಜ ಮುಟ್ಟಿದ.

ಅವರು ಮೆಲ್ಲಗೆ ಮುಖ ಎತ್ತಿದರು. ಹಣೆಯಲ್ಲಿ ಮಣ್ಣು, ಕಣ್ಣಲ್ಲಿ ನೀರು. ಹಣೆ ಇಟ್ಟಿದ್ದ ಜಾಗದಲ್ಲೊಂದು ಹೆಗ್ಗಣದ ಬಿಲ.

ಚಲಪತಿಗೆ ಆಗ ಎಲ್ಲ ಅರ್ಥವಾಯಿತು. ಬಿಲ ಹಗೇವಿನವರೆಗೂ ಹೋಗಿತ್ತು. ಅವನ ಕರುಣರಸ ಅದರ ತುಂಬ ಹರಿದು, ಈ ಸತ್ತ ಮೌನದಲ್ಲಿ ನೆಲದಿಂದ ಗೋಳಾಗಿ ಎದ್ದಿತ್ತು. ಕೂಗುವ ಹಾರ್ನಿಗೆ ಮೈಕಿನ ಹಾಗೆ ಕೇಳಿಸಿಕೊಳ್ಳುವುದೂ ಗೊತ್ತು. ಗಿಟಾರು ನಿಂತಾಗ ಅತ್ತೆ ಬಿಲಕ್ಕೆ ಹೇಳಿದ್ದನ್ನು ಅದೇ ತಂತಿ ಟೇಪಿಗೆ ತಲುಪಿಸಿತ್ತು.

ಅತ್ತೆ ಅಕ್ಕಯ್ಯ ಎಂದದ್ದು ಚಿಕ್ಕವೆಂಕಟಮ್ಮನನ್ನು, ತಮ್ಮ ಗಂಡನ ಮೊದಲ ಹೆಂಡತಿಯನ್ನು. ಮೂವತ್ತು ವರ್ಷದ ಹಿಂದೆ, ಹುಳು ಹೀಗೇ ಜ್ವರಕ್ಕೆ ಕೂತ ದಿನ, ಆಕೆ ಹಾಡುತ್ತಿದ್ದಳಂತೆ. ಹೊಸದಾಗಿ ಬಂದ ವೆಂಕಟರತ್ನಮ್ಮ ಬಾಯಿ ಮುಚ್ಚು ಎಂದಿದ್ದರಂತೆ. ಆಕೆ ಮತ್ತೆ ಹಾಡಲಿಲ್ಲ, ಆ ತಿಂಗಳೇ ಜ್ವರ ಬಂದು ಹೋಗಿಬಿಟ್ಟಳು. ಇದನ್ನೆಲ್ಲ ಹೇಳುತ್ತಿದ್ದ ಅತ್ತೆಯ ಮುಖ ತೊಳೆದಿಟ್ಟ ಹಾಗೆ ಹಗುರವಾಗಿತ್ತು.

ಹೇಳಬೇಡಿ ಎಂದು ಶ್ಯಾಮಲಮ್ಮ ಕಣ್ಣಲ್ಲೇ ಬೇಡಿದಳು. ಚಲಪತಿಗೆ ತಡೆಯಲಾಗಲಿಲ್ಲ. ಇಷ್ಟು ಹೊತ್ತು ಹೆದರಿಸಿದ್ದು ಸತ್ತವರಲ್ಲ, ತಾನೇ, ತನ್ನ ಗಿಟಾರು ಎಂದು ತಲೆ ತಗ್ಗಿಸಿ ಒಪ್ಪಿಕೊಂಡ. ಮನೆ ಬಿಟ್ಟು ಹೊರಡಲೂ ಸಿದ್ಧನಾಗಿದ್ದ.

ವೆಂಕಟರತ್ನಮ್ಮ ಸೆರಗಿನಿಂದ ಹಣೆಯ ಮಣ್ಣು ಒರೆಸಿಕೊಂಡರು.

"ಮೊದಮೊದಲು ಅಕ್ಕಯ್ಯನೇ ಅಂದ್ಕೊಂಡೆ. ಆಮೇಲೆ ಗೊತ್ತಾಯ್ತು ಬಿಡಪ್ಪ. ಆದ್ರೂ ಒಳಗಿದ್ದಿದ್ದನ್ನ ಯಾರಿಗಾದ್ರೂ ಹೇಳ್ಬೇಕಿತ್ತು, ಹೇಳ್ಕೊಂಡೆ."

"ಹೆಂಗೆ ಗೊತ್ತಾಯ್ತು ಅತ್ತೆ?"

"ಅಕ್ಕಯ್ಯ ಸತ್ತು ಮೂವತ್ತು ವರ್ಷ ಆಗಿರ್ಬೋದು ಚಲಪತಿ. ಆದ್ರೂ ಅಷ್ಟೊಂದು ಅಪಶ್ರುತೀಲಿ ಹಾಡೋಳಲ್ಲ."