ಕೊಡೆಯಿಂದ ಚುಚ್ಚಿ ನೋಡಿದ ಹಸಿರು

ಹಸಿರು ಹುಲ್ಲನ್ನು ಕಂಡರೆ ಮನಸ್ಸು ಅರಳುತ್ತದೆ ಎಂದು ಎಲ್ಲ ದೇಶದ ಕವಿಗಳೂ ಬರೆದಿದ್ದಾರೆ. ನನ್ನ ಕೈ ಮಾತ್ರ ಕೊಡೆಯನ್ನು ಹುಡುಕುತ್ತದೆ. ಯಶವಂತಪುರದ ನಮ್ಮ ಬಾಡಿಗೆ ಮನೆಯ ಮುಂದೆ ನನ್ನ ಹೆಂಡತಿ ಎರಡು ಚಾಪೆಯಷ್ಟು ಹುಲ್ಲು ಬೆಳೆಸಿದ್ದಾಳೆ. ಅದರ ಮೇಲೆ ಕಾಲಿಡುವ ಮುಂಚೆ ನಾನು ಕೊಡೆಯ ತುದಿಯಿಂದ ಅಲ್ಲಲ್ಲಿ ಚುಚ್ಚಿ ನೋಡುತ್ತೇನೆ. "ಕೆಳಗೆ ಏನ್ರೀ ಹುಡುಕ್ತೀರಿ? ಮಣ್ಣಿದೆ. ನಾನೇ ಹಾಕ್ಸಿದ್ದು" ಎನ್ನುತ್ತಾಳೆ. ಮಣ್ಣಿರುವುದು ನನಗೂ ಗೊತ್ತು. ಅದು ಎಷ್ಟು ಗಟ್ಟಿ ಎಂಬುದಷ್ಟೇ ನನ್ನ ಸಂಶಯ.

ಇದಕ್ಕೆಲ್ಲ ಕಾರಣ ವಿಶ್ವಸಾಹಿತ್ಯ. ಬಿ.ಎ. ಓದುವಾಗ ನಾನು ಮತ್ತಿಕೆರೆಯಲ್ಲಿ ಒಂದು ಕೋಣೆ ಹಿಡಿದಿದ್ದೆ. ಆಗ ಅದು ಹಳ್ಳಿಯೇ. ರಾಗಿ ಹೊಲಗಳನ್ನು ದಾಟಿ ಹೋಗಿ ಬಸ್ಸು ಹಿಡಿಯಬೇಕಿತ್ತು. ಆದರೆ ಆ ಹೊಲಗಳನ್ನು ನಾವು ಪ್ರಕೃತಿ ಎಂದು ಎಣಿಸಿರಲಿಲ್ಲ. ಪ್ರಕೃತಿ ಎಂದರೆ ಪಠ್ಯಪುಸ್ತಕದಲ್ಲಿರುವುದು: ಹಿಮ, ಓಕ್ ಮರ, ಕುರಿ ಕಾಯುವ ಹುಡುಗಿ. ಕುರಿ ಕಾಯುವ ಹುಡುಗಿಯರು ನಮ್ಮ ಓಣಿಯಲ್ಲೂ ಇದ್ದರು. ಅವರ ಹಿಂಡು ಒಣಹಾಕಿದ ನನ್ನ ಬನಿಯನ್ನನ್ನು ಮೆಲ್ಲುತ್ತಿದ್ದುದರಿಂದ ಅವರಿಗೆ ಕಾವ್ಯದಲ್ಲಿ ಜಾಗ ಕೊಟ್ಟಿರಲಿಲ್ಲ. ಹೀಗಿರುವಾಗ ನಮ್ಮ ಇಂಗ್ಲಿಷ್ ಮೇಷ್ಟರು ವಿಶ್ವಸಾಹಿತ್ಯದ ಪ್ರಕೃತಿ ವರ್ಣನೆಗೆ ನಮ್ಮ ಪ್ರತಿಕ್ರಿಯೆಯನ್ನು ಬರೆದು ತರಲು ಹೇಳಿ, "ಬರೀ ಓದಿದ್ರೆ ಸಾಲ್ದು, ಹೋಗಿ ಅನುಭವಿಸಿ ಬನ್ರಪ್ಪ" ಎಂದರು.

ನನ್ನ ಸಹಪಾಠಿ ನಂಜುಂಡ ಆ ಮಾತನ್ನು ನಂಬಿದ. ಅವನು ಚಿಕ್ಕಪೇಟೆಯ ಬಟ್ಟೆ ವ್ಯಾಪಾರಿಯ ಮಗ. ಹುಟ್ಟಿದಾಗಿನಿಂದ ಅವನು ಕಂಡ ಅತಿ ವಿಶಾಲವಾದ ಹಸಿರೆಂದರೆ ಅಂಗಡಿಯಲ್ಲಿ ಬಿಚ್ಚಿ ಹರಡಿದ ಸೀರೆ. ಒಂದು ಭಾನುವಾರ ಬೆಳಿಗ್ಗೆ ಲೈಬ್ರರಿಯ ದಪ್ಪ ಕವಿತಾಸಂಗ್ರಹವನ್ನು ಬಗಲಲ್ಲಿಟ್ಟುಕೊಂಡು ಬಂದ. ಇಬ್ಬರೂ ಕೆರೆಯ ಕಡೆ ಹೋದೆವು. ಮಳೆಗಾಲ ಮುಗಿದಿತ್ತು. ದಡದ ಕಲ್ಲುಗಳಾಚೆ ನೀರೇ ಕಾಣದಂತೆ ಕಳೆ ಬೆಳೆದು, ಇಬ್ಬನಿಯಲ್ಲಿ ಹೊಳೆಯುತ್ತಿತ್ತು. "ನೋಡೋ, ಪುಸ್ತಕದಲ್ಲಿರೋ ಹುಲ್ಲುಗಾವಲೇ ಇದು. ಬರಿಗಾಲಲ್ಲಿ ನಡೀಬೇಕಂತೆ" ಎಂದ. ನನಗೂ ಅದು ಹುಲ್ಲುಗಾವಲಾಗಿಯೇ ಕಂಡಿತು. ಆದರೆ ನಾನು ಉಟ್ಟಿದ್ದು ಹೊಸ ಪಂಚೆ. ಅಂಚು ಒದ್ದೆಯಾದೀತೆಂದು ಕಲ್ಲಿನ ಮೇಲೇ ನಿಂತೆ. ಸಾಹಿತ್ಯಕ್ಕಿಂತ ಪಂಚೆಯನ್ನು ಹೆಚ್ಚು ಪ್ರೀತಿಸಿದ್ದರಿಂದಲೇ ಇಂದು ಈ ಪ್ರಬಂಧ ಬರೆಯಲು ಉಳಿದಿದ್ದೇನೆ.

ನಂಜುಂಡ ಚಪ್ಪಲಿ ಕಳಚಿಟ್ಟು, ಪುಸ್ತಕ ಬಿಡಿಸಿ, ಗಟ್ಟಿಯಾಗಿ ಓದುತ್ತ ಹೊರಟ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಕುಳ್ಳಗಾದ. ಭಾವಪರವಶನಾಗಿ ಮೊಣಕಾಲೂರಿದ ಎಂದುಕೊಂಡೆ. ಮುಂದಿನ ಸಾಲಿಗೆ ಅವನಿಗೆ ಸೊಂಟವೇ ಇರಲಿಲ್ಲ. ಓದು ನಿಂತಿತು. "ಲೋ, ಕೆಳಗೆ ಏನೂ ಇಲ್ಲ ಕಣೋ" ಎಂದ. ಕೂಗಲಿಲ್ಲ; ತರಗತಿಯಲ್ಲಿ ಪಕ್ಕದವನಿಗೆ ಹೇಳುವಂತೆ ಮೆಲ್ಲಗೆ ಹೇಳಿದ. ಆ ಮೆಲುದನಿ ಇಂದಿಗೂ ನನ್ನ ಕಿವಿಯಿಂದ ಹೋಗಿಲ್ಲ. ಕಳೆ ಅವನ ಎದೆಗೆ ಬಂದಿತ್ತು, ಮುಖ ಸುಣ್ಣದಂತಾಗಿತ್ತು. ನಾನು ಪಂಚೆ ಬಿಚ್ಚಿ ಒಂದು ತುದಿಯನ್ನು ಎಸೆದೆ. ಅದು ಅವನನ್ನು ಮುಟ್ಟಲಿಲ್ಲ. "ಪುಸ್ತಕ ಬಿಟ್ಟು ಕೈ ಚಾಚೋ" ಎಂದೆ. ಅದನ್ನು ತಲೆಯ ಮೇಲೆ ಎತ್ತಿ ಹಿಡಿದೇ, "ಲೈಬ್ರರೀದು ಕಣೋ" ಎಂದ.

ಅಷ್ಟರಲ್ಲಿ ನನ್ನ ಕೋಣೆಯ ಒಡತಿ ಮುನಿಯಮ್ಮ ಎಮ್ಮೆ ಹೊಡೆದುಕೊಂಡು ಬಂದರು. ಚಡ್ಡಿಯಲ್ಲಿ ನಿಂತಿದ್ದ ತಮ್ಮ ಬಾಡಿಗೆದಾರನನ್ನು ನೋಡಿ, "ಯಾಕಪ್ಪಾ ಇಂಗ್ ನಿಂತಿದ್ದೀಯ? ಎಣ್ಮಕ್ಕಳು ಓಡಾಡೋ ಜಾಗ" ಎಂದರು. ನಾನು ಕಳೆಯ ಕಡೆ ಕೈ ತೋರಿಸಿದೆ. ಎಮ್ಮೆಯ ಹಗ್ಗವನ್ನು ಕಿತ್ತುಕೊಂಡು ಪಂಚೆಗೆ ಗಂಟು ಹಾಕಿ ಮತ್ತೆ ಎಸೆದೆ. ನಂಜುಂಡ ಮೊದಲು ಪುಸ್ತಕವನ್ನು ದಡಕ್ಕೆಸೆದು, ಆಮೇಲೆ ಪಂಚೆಯನ್ನು ಹಿಡಿದ. ನಾನೂ ಮುನಿಯಮ್ಮನೂ ಸೇರಿ ಎಳೆದೆವು. ಕೊನೆಗೂ ಅವನು ಎಮ್ಮೆಯ ಬಣ್ಣಕ್ಕೆ ತಿರುಗಿ ಕಲ್ಲಿನ ಮೇಲೆ ಬಂದು ಬಿದ್ದ.

"ಈಜಾಕ್ ಇಲ್ಲೇ ಆಗ್ಬೇಕಿತ್ತಾ?" ಎಂದು ಮುನಿಯಮ್ಮ ಕೇಳಿದರು.

"ಈಜೋಕಲ್ಲಮ್ಮ. ಮೇಷ್ಟ್ರು ಅನುಭವಿಸಿ ಬನ್ನಿ ಅಂದಿದ್ರು" ಎಂದೆ.

"ಆವಯ್ಯನ್ನೂ ಒಂದ್ ದಪ ಕರ್ಕಂಬಾ. ಅಗ್ಗ ಇಲ್ಲೇ ಇರ್ತೈತೆ."

ಮುಂದಿನ ವಾರ ನಾನು ಕೆಸರು, ಹಗ್ಗ, ಎಮ್ಮೆ ಎಲ್ಲವನ್ನೂ ಸೇರಿಸಿ ಬರೆದುಕೊಟ್ಟೆ. ಇದು ಪೊಲೀಸ್ ಠಾಣೆಗೆ ಕೊಡುವ ದೂರಿನಂತಿದೆ ಎಂದರು ಮೇಷ್ಟರು. ಪಾದಕ್ಕೆ ತಾಗಿದ ತಣ್ಣನೆಯ ಹಸಿರಿನ ಬಗ್ಗೆ ಮಾತ್ರ ಬರೆದಿದ್ದ ನಂಜುಂಡನನ್ನು ಎಬ್ಬಿಸಿ ನಿಲ್ಲಿಸಿ, ಇವನು ಪ್ರಕೃತಿಯಲ್ಲಿ ಮುಳುಗಿ ಬಂದವನು ಎಂದು ಹೊಗಳಿದರು. ಅದು ಸುಳ್ಳೆಂದು ನಾನು ಹೇಗೆ ಹೇಳಲಿ?

ಕಳೆದ ಭಾನುವಾರ ನಂಜುಂಡ ನಮ್ಮ ಮನೆಗೆ ಬಂದಿದ್ದ. ಈಗ ಅವನೇ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟರು. ಕಾಫಿ ಕುಡಿದು, ಚಪ್ಪಲಿ ಕಳಚಿ, ಏನನ್ನೋ ಗುನುಗುತ್ತ ನಮ್ಮ ಹುಲ್ಲಿನ ಮೇಲೆ ಆರಾಮವಾಗಿ ಅಡ್ಡಾಡಿದ. "ನೋಡಿ, ನಿಮ್ಮ ಸ್ನೇಹಿತರು ಎಷ್ಟು ಚೆನ್ನಾಗಿ ಅನುಭವಿಸ್ತಾರೆ" ಎಂದಳು ನನ್ನ ಹೆಂಡತಿ. ನಾನು ಅವನ ಮೊಣಕಾಲುಗಳನ್ನೇ ನೋಡುತ್ತ ಜಗುಲಿಯ ಅಂಚಿನಲ್ಲಿ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಅವಳು ಹತ್ತಿರ ಬಂದು ದನಿ ತಗ್ಗಿಸಿ, "ರೀ, ಪಂಚೆ ಯಾಕೆ ಬಿಚ್ತಿದ್ದೀರಿ?" ಎಂದಳು.